ಡ್ರೆಸಾಜ್‌ಗೆ ಕನ್ನಡದಲ್ಲಿ ಏನೆನ್ನೋಣ: ಕುಣಿತವೇ, ಪಳಗಿಕೆಯೇ, ತಿದ್ದುಗೆಯೇ?

ಪದಬಲ್ಲವರಿಗೆ ನಮಸ್ಕಾರ.

ಡ್ರೆಸಾಜ್ ಎಂಬ ಕುದುರೆ ಸವಾರಿಯ ಸ್ಪರ್ಧೆಗೆ ಕನ್ನಡದಲ್ಲಿ ಒಪ್ಪುವ ಮಾತು ಯಾವುದು? ಶಿವಮೊಗ್ಗದ ಹೊರವಲಯದಲ್ಲಿರುವ ನಮ್ಮ ಸವಾರಿ ಕೂಟ ಮಳೆಗಾಲ ಮುಗಿದು ನೆಲ ಒಣಗಿದ ಮೇಲೆ ಮಕ್ಕಳಿಗಾಗಿ ಸಣ್ಣದೊಂದು ಸ್ಪರ್ಧೆ ನಡೆಸಲಿದೆ. ನೋಡಲು ಬರುವ ಊರಿನವರಿಗೆ ಹಂಚುವುದಕ್ಕೆ ಎರಡು ಪುಟದ ಹಾಳೆ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಕರಡು ಸಿದ್ಧವಿದೆ, ನಾಲ್ಕಾರು ಪದಗಳು ಮಾತ್ರ ಹಟ ಹಿಡಿದು ನಿಂತಿವೆ.

ಆಟ ತಿಳಿಯದವರಿಗಾಗಿ ಎರಡು ಮಾತು. ಇದರಲ್ಲಿ ವೇಗವಿಲ್ಲ, ಜಿಗಿತವಿಲ್ಲ. 20 ಮೀಟರ್ ಅಗಲ, 60 ಮೀಟರ್ ಉದ್ದದ ಅಂಕಣ. ಕೆಳಹಂತದ ಸ್ಪರ್ಧೆಗೆ 40 ಮೀಟರ್ ಉದ್ದವಿದ್ದರೂ ಸಾಕು, ನಮ್ಮದೂ ಅಷ್ಟೇ. ಅಂಚಿನುದ್ದಕ್ಕೂ ಎ, ಕೆ, ಇ, ಎಚ್ ಎಂದು ಅಕ್ಷರದ ಹಲಗೆಗಳು. ಎ ಬಳಿ ಒಳಬಂದು ನಟ್ಟನಡುವಿನ ಎಕ್ಸ್‌ನಲ್ಲಿ ನಿಂತು ವಂದಿಸಬೇಕು. ಎಕ್ಸ್‌ಗೆ ಹಲಗೆಯೇ ಇರುವುದಿಲ್ಲ, ಅದನ್ನು ಸವಾರನೇ ಅಂದಾಜು ಮಾಡಿಕೊಳ್ಳಬೇಕು. ಬೇಲಿಯಾಚೆ ನಿಂತ ತಂದೆತಾಯಂದಿರು ಅಲ್ಲಿಂದಲೇ ಕೈಸನ್ನೆ ಮಾಡುವುದು ಇದೇ ಗಳಿಗೆಯಲ್ಲಿ. ಆಮೇಲೆ ಮೊದಲೇ ಗೊತ್ತುಮಾಡಿದ ವೃತ್ತ, ತಿರುವು, ನಿಲುಗಡೆಗಳು; ಒಂದೊಂದಕ್ಕೂ ನಿರ್ಣಾಯಕರು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ತಂಡ ಚಿನ್ನ ಗೆದ್ದದ್ದು ಇದರಲ್ಲಿಯೇ. ಕುದುರೆ ಸವಾರಿಯಲ್ಲಿ ನಮಗೆ 41 ವರ್ಷಗಳ ಬಳಿಕ ಸಿಕ್ಕ ಚಿನ್ನ ಅದು.

ಕೂಟದ ಗೆಳೆಯರೊಬ್ಬರು ಸೂಚಿಸಿದ ಪದ ‘ಅಶ್ವನೃತ್ಯ’. ಕಿವಿಗೆ ಇಂಪಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ. ಕುದುರೆಯ ಕುಣಿತ ಎಂದ ಕೂಡಲೇ ನಮ್ಮವರ ಕಣ್ಣಿಗೆ ಕಟ್ಟುವುದು ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿನ ಸದ್ದಿಗೆ ಹೆಜ್ಜೆ ಹಾಕುವ ಬಿಳಿ ಕುದುರೆ. ಮೇಲ್ಮಟ್ಟದ ಸ್ಪರ್ಧೆಯಲ್ಲಿ ನಿಂತಲ್ಲೇ ಕಾಲೆತ್ತಿ ಹೆಜ್ಜೆ ಹಾಕುವ ಪಿಯಾಫ್ ಇದೆ, ಸಂಗೀತಕ್ಕೆ ಹೊಂದಿಸಿದ ಸುತ್ತೂ ಇದೆ, ನಿಜ. ನಮ್ಮ ಮಕ್ಕಳು ಮಾಡುವುದು ಮಾತ್ರ 20 ಮೀಟರಿನ ಒಂದು ವೃತ್ತ, ನೆಟ್ಟಗಿನ ಒಂದು ಸಾಲು, ಅಲುಗಾಡದ ಒಂದು ನಿಲುಗಡೆ. ತೀರ್ಥಹಳ್ಳಿಯಿಂದ ಬಸ್ ಹತ್ತಿ ಬಂದವರು ಕುಣಿತ ಎಲ್ಲಿ ಎಂದು ಕೇಳಿದರೆ ಉತ್ತರಿಸಬೇಕಾದವನು ನಾನು.

‘ಪಳಗಿಸುವಿಕೆ’ ಎಂಬುದು ಎರಡನೆಯ ಸೂಚನೆ. ಸಕ್ರೆಬೈಲಿನ ಆನೆಬಿಡಾರ ಇಷ್ಟು ಹತ್ತಿರವಿರುವಾಗ ನಮ್ಮ ಭಾಗದಲ್ಲಿ ಈ ಕ್ರಿಯಾಪದದ ಅರ್ಥ ಆಗಲೇ ಬೇರೂರಿಬಿಟ್ಟಿದೆ. ಕಾಡಿನಿಂದ ಹಿಡಿದು ತಂದ ಆನೆಯನ್ನು ಕ್ರಾಲಿಗೆ, ಅಂದರೆ ಮರದ ದಿಮ್ಮಿಗಳ ದೊಡ್ಡಿಗೆ, ಹಾಕಿ ಪಳಗಿಸುತ್ತಾರೆ. ನಮ್ಮ ಕುದುರೆಗಳು ರೇಸಿನಿಂದ ನಿವೃತ್ತಿಯಾದವು, ಮನುಷ್ಯರ ನಡುವೆಯೇ ಹುಟ್ಟಿ ಬೆಳೆದವು. ಅವುಗಳಲ್ಲಿ ಪಳಗಿಸಲು ಉಳಿದದ್ದೇನೂ ಇಲ್ಲ. ಓಡುವುದೊಂದೇ ಗೊತ್ತಿದ್ದ ಪ್ರಾಣಿಗೆ ಸಮತೂಕದಲ್ಲಿ ನಡೆಯುವುದನ್ನು ಕಲಿಸಬೇಕು, ಅಷ್ಟೇ.

ನನ್ನ ಮನಸ್ಸು ವಾಲುತ್ತಿರುವುದು ‘ತಿದ್ದು’ ಎಂಬ ಧಾತುವಿನ ಕಡೆಗೆ. ಡ್ರೆಸಾಜ್‌ಗೆ ಮೂಲವಾದ ಫ್ರೆಂಚ್ ಕ್ರಿಯಾಪದಕ್ಕೆ ನೆಟ್ಟಗೆ ನಿಲ್ಲಿಸು, ತರಬೇತಿ ಕೊಡು ಎಂಬ ಎರಡೂ ಅರ್ಥಗಳಿವೆ. ಕನ್ನಡದ ತಿದ್ದುವಿಕೆಯೂ ಹಾಗೆಯೇ: ಅಕ್ಷರ ತಿದ್ದುತ್ತೇವೆ, ಮಕ್ಕಳನ್ನು ತಿದ್ದಿ ತೀಡುತ್ತೇವೆ. ದಿನವೂ ಸ್ವಲ್ಪ ಸ್ವಲ್ಪವಾಗಿ, ಒಂದೇ ಗೆರೆಯ ಮೇಲೆ ಮತ್ತೆ ಮತ್ತೆ ಆಗುವ ಕೆಲಸ ಅದು. ‘ನಡೆತಿದ್ದುಗೆ’ ಎಂದರೆ ಹೇಗೆ? ನಡೆ ಎಂಬುದಕ್ಕೆ ಗತಿ, ವರ್ತನೆ ಎರಡೂ ಸಲ್ಲುತ್ತವೆ. ಕೈದಿಗಳ ಮನಪರಿವರ್ತನೆಯ ಕಾರ್ಯಕ್ರಮದಂತೆ ಕೇಳುತ್ತದೆ ಎಂದು ಮನೆಯವರ ಆಕ್ಷೇಪ. ಅದರಲ್ಲಿಯೂ ಹುರುಳಿದೆ.

ಜೀನು, ಲಗಾಮು, ಕಡಿವಾಣ, ರಿಕಾಪು, ಲಾಳ, ಲಾಯ ಇವುಗಳಲ್ಲಿ ತಕರಾರಿಲ್ಲ. ನಿಜವಾದ ಗೋಜಲು ನಡೆಗಳ ಹೆಸರಿನದು. ನಾಲ್ಕು ಗೊರಸೂ ಬೇರೆ ಬೇರೆಯಾಗಿ ‘ತಕಧಿಮಿ’ ಎಂದು ನೆಲಕ್ಕೆ ಬಿದ್ದರೆ ಅದು ನಡಿಗೆ. ಮುಂದಿನ ಒಂದು ಕಾಲು ಮತ್ತು ಅದಕ್ಕೆ ಓರೆಯಾಗಿರುವ ಹಿಂದಿನ ಕಾಲು ಜೊತೆಯಾಗಿ ಬಿದ್ದು ಎರಡೇ ಸದ್ದು ಬಂದರೆ ಕುಕ್ಕುಲೋಟ; ಏರಿ ಕುಳಿತವರ ಬೆನ್ನಿಗೆ ಈ ಹೆಸರಿನ ಔಚಿತ್ಯ ತಾನಾಗಿಯೇ ತಿಳಿಯುತ್ತದೆ. ಪೂರ್ತಿ ಬಿಟ್ಟು ಓಡಿದರೆ ನಾಗಾಲೋಟ, ಅದನ್ನು ಷೇರುಪೇಟೆಯವರೂ ಬೆಲೆ ಏರಿಕೆಯವರೂ ಕೊಂಡೊಯ್ದಾಗಿದೆ. ಇವೆರಡರ ನಡುವೆ ‘ತಕಿಟ’ ಎಂದು ಮೂರು ಸದ್ದಿನಲ್ಲಿ ಸಾಗುವ ಕ್ಯಾಂಟರ್ ಇದೆಯಲ್ಲ, ಅದಕ್ಕೆ ಏನು? ಹೊರಬದಿಯ ಹಿಂಗಾಲು ಮೊದಲು, ಆಮೇಲೆ ಓರೆಜೋಡಿ, ಕೊನೆಗೆ ಒಳಬದಿಯ ಮುಂಗಾಲು, ಮತ್ತೆ ಒಂದು ಕ್ಷಣ ನಾಲ್ಕೂ ಗಾಳಿಯಲ್ಲಿ. ‘ಮೂಗಾಲೋಟ’ ಎಂದು ಒಬ್ಬರು ಸೂಚಿಸಿದರು. ಓದಿದವರು ಕುದುರೆಯ ಒಂದು ಕಾಲು ಕುಂಟು ಎಂದುಕೊಂಡಾರು. ‘ಮುಮ್ಮಿಡಿತದ ಓಟ’ ಎಂದು ಸದ್ಯಕ್ಕೆ ಬರೆದಿದ್ದೇನೆ, ಆದರೆ ಅದು ಕಚೇರಿಯ ಸುತ್ತೋಲೆಯ ಪದದಂತಿದೆ.

ಅಮರಕೋಶದಲ್ಲಿ ಕುದುರೆಯ ಐದು ಗತಿಗಳಿವೆ: ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ. ಪಂಚಧಾರೆ ಎಂದು ಒಟ್ಟು ಹೆಸರು. ಇವುಗಳಲ್ಲಿ ಮೂರು ಸದ್ದಿನ ಓಟ ಯಾವುದು ಎಂದು ವ್ಯಾಖ್ಯಾನಗಳನ್ನು ಓದಿದವರು ಹೇಳಬಲ್ಲಿರಾ? ಇನ್ನೊಂದು ಕಡೆ, ನಮ್ಮ ಲಾಯ ನೋಡಿಕೊಳ್ಳುವ ಹಿರಿಯರು ಹಿಂದೆ ಊರಿನಲ್ಲಿ ಜಟಕಾ ಓಡಿಸಿದವರು. ಕುಕ್ಕುಲೋಟಕ್ಕೆ ಅವರು ದುಲ್ಕಿ ಎನ್ನುತ್ತಾರೆ, ಕ್ಯಾಂಟರಿಗೆ ಕ್ಯಾಂಟರೇ. ಗಾಡಿಗೆ ಕಟ್ಟಿದ ಕುದುರೆಗೆ ಆ ಓಟವೇ ಬೇಕಿರಲಿಲ್ಲ ಎಂಬುದು ಅವರ ಸಮಜಾಯಿಷಿ.

ಸವಾರನ ಕೈಗೂ ಕುದುರೆಯ ಬಾಯಿಗೂ ನಡುವೆ ಲಗಾಮಿನ ಮೂಲಕ ಉಳಿಯಬೇಕಾದ ಹದವಾದ, ಮೆಲುವಾದ ತಾಗುವಿಕೆಗೂ ಒಂದು ಪದ ಬೇಕು. ‘ಸಂಪರ್ಕ’ ಎಂದರೆ ಮೊಬೈಲ್ ನೆನಪಾಗುತ್ತದೆ. ‘ಲಗಾಮು ಬಿಗಿಹಿಡಿ’ ಎಂಬ ನುಡಿಗಟ್ಟಿನ ಅರ್ಥ ಇದಕ್ಕೆ ನೇರ ವಿರುದ್ಧ. ‘ಸೋಂಕು’ ಎಂಬ ಹಳೆಯ ಮಾತು ಹೇಳಿ ಮಾಡಿಸಿದಂತಿತ್ತು. ಕೊರೊನಾ ಬಂದುಹೋದ ಮೇಲೆ ಕುದುರೆಯ ಬಾಯಿಗೆ ಸೋಂಕು ಎಂದು ಬರೆಯುವ ಧೈರ್ಯ ನನಗಿಲ್ಲ.

ಕೊನೆಯದಾಗಿ ಅಂಕಣದ ಹೆಸರು. ಹಳಗನ್ನಡ, ನಡುಗನ್ನಡಗಳ ‘ವೈಹಾಳಿ’ಯನ್ನು ಮತ್ತೆ ಚಲಾವಣೆಗೆ ತರುವ ಆಸೆ ನನ್ನದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ‘ವಾಜಿವಾಹ್ಯಾಲಿ’ ಎಂಬ ವಿನೋದವಿದೆ; ವಾಜಿ ಎಂದರೆ ಕುದುರೆ. ತಮಿಳುನಾಡಿನ ಶ್ರೀರಂಗದ ಉತ್ಸವದಲ್ಲಿ ಕುದುರೆ ವಾಹನವನ್ನು ಹೊತ್ತು ಓಡಾಡಿಸುವುದಕ್ಕೆ ಇಂದಿಗೂ ವೈಯಾಳಿ ಎನ್ನುತ್ತಾರೆ. ಬೆಂಗಳೂರಿನ ವೈಯಾಲಿಕಾವಲ್ ಎಂಬ ಬಡಾವಣೆಯ ಹೆಸರೂ ಇದೇ ಬಳ್ಳಿಯದೇ? ವೈಹಾಳಿ ಎಂದರೆ ಸವಾರಿಯೋ, ಸವಾರಿಯ ಬಯಲೋ, ಎರಡೂ ಹೌದೋ? ಪ್ರಯೋಗಗಳಿದ್ದರೆ ಸಾಲುಸಮೇತ ಕಳುಹಿಸಿ.

ಹಾಳೆ ಅಚ್ಚಿಗೆ ಹೋಗುವುದು ದಸರೆ ಕಳೆದ ಮೇಲೆ. ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದ ಪರಿಚಯವಿರುವವರು, ಮನೆಯಲ್ಲಿ ಜಟಕಾ ಇದ್ದವರು ಅಲ್ಲಿ ಬಳಕೆಯಲ್ಲಿದ್ದ ಮಾತುಗಳನ್ನು ಕೇಳಿ ತಿಳಿಸಿದರೆ ಉಪಕಾರವಾಗುತ್ತದೆ. ಹೊಸದಾಗಿ ಟಂಕಿಸಿದ ಪದಕ್ಕಿಂತ ಯಾರಾದರೂ ಒಮ್ಮೆ ಕುದುರೆಯ ಮೇಲೆ ಕುಳಿತು ಆಡಿದ ಪದವೇ ನನಗೆ ಬೇಕು.