ರೋಡ್ ಕಟಿಂಗ್ ಅನುಮತಿಯ ಕೆಲಸ ನನ್ನ ಪಾಲಿಗೆ ಬಂದಿದೆ, ಎಲ್ಲಿಂದ ಶುರು ಮಾಡಲಿ?

ಹೊಸ ಜೆಇ:

ಎಲ್ಲರಿಗೂ ನಮಸ್ಕಾರ. ಸಿವಿಲ್ ಡಿಪ್ಲೊಮಾ ಮುಗಿಸಿ ಒಂದು ನಗರಸಭೆಯಲ್ಲಿ ಜೆಇ (ಜೂನಿಯರ್ ಇಂಜಿನಿಯರ್) ಆಗಿ ಸೇರಿ ಮೂರು ತಿಂಗಳಾಯಿತು. ಇಷ್ಟು ದಿನ ಮನೆ ಪ್ಲಾನ್ ನೋಡುತ್ತಿದ್ದೆ. ಹೋದ ಸೋಮವಾರ ರಸ್ತೆ ಅಗೆತದ ಕಡತಗಳನ್ನೆಲ್ಲ ತಂದು ನನ್ನ ಟೇಬಲ್ ಮೇಲಿಟ್ಟರು. ಮೊದಲು ನೋಡುತ್ತಿದ್ದವರಿಗೆ ವರ್ಗವಾಯಿತು, ಕೂರಿಸಿಕೊಂಡು ಹೇಳಿಕೊಡುವವರು ಯಾರೂ ಇಲ್ಲ.

ಒಟ್ಟು ಹದಿನಾಲ್ಕು ಅರ್ಜಿ. ಹೆಚ್ಚಿನವು ಮನೆಗಳ ನಲ್ಲಿ ಕನೆಕ್ಷನ್, ಯುಜಿಡಿ (ಒಳಚರಂಡಿ) ಕನೆಕ್ಷನ್. ಆರು ಮೀಟರ್, ಎಂಟು ಮೀಟರ್ ಅಗೆತ. ಒಂದು ಕರೆಂಟ್ ಕೇಬಲ್. ಎರಡು ಫೈಬರ್ ಕಂಪನಿಗಳದ್ದು, ಅದರಲ್ಲೊಂದು 1,800 ಮೀಟರ್. ನಕ್ಷೆ ಅಂತ ಅವರು ಕೊಟ್ಟಿರುವುದು ಮೊಬೈಲ್ ಮ್ಯಾಪಿನ ಸ್ಕ್ರೀನ್‌ಶಾಟ್ ಮೇಲೆ ಎಳೆದ ಒಂದು ಕೆಂಪು ಗೆರೆ. ರಸ್ತೆಯ ಎಡಕ್ಕೋ ಬಲಕ್ಕೋ ಅಂತಲೂ ಗೊತ್ತಾಗುವುದಿಲ್ಲ.

ಆ ದಾರಿಯಲ್ಲಿ ಒಂದು ಸಲ ನಡೆದು ಬಂದೆ. ನಾಲ್ಕು ತಿಂಗಳ ಹಿಂದೆ ಡಾಂಬರು ಹಾಕಿದ ರಸ್ತೆ. ಒಂದು ಕಡೆ ಆಗಲೇ ಯಾರೋ ಅಗೆದು ಮುಚ್ಚಿದ್ದಾರೆ. ಮಳೆಗೆ ಆ ಜಾಗ ಒಂದು ಗೇಣು ಕುಸಿದಿದೆ, ಅಂಗಡಿಯವರು ಅದಕ್ಕೆ ಗೋಣಿಚೀಲ ತುಂಬಿ ಮೇಲೊಂದು ಮರದ ಕೊಂಬೆ ಸಿಕ್ಕಿಸಿದ್ದಾರೆ. ಅಲ್ಲಿದ್ದ ಒಬ್ಬ ಅಜ್ಜಿ ನನ್ನ ಕೈಯಲ್ಲಿದ್ದ ಫೈಲ್ ನೋಡಿ "ನೀವೇ ಅಲ್ವಾ ಇದಕ್ಕೆ ಸಹಿ ಹಾಕಿದ್ದು?" ಅಂತ ಕೇಳಿದರು. ಅದಕ್ಕೆ ಹಾಕಿದ್ದು ನಾನಲ್ಲ. ಮುಂದಿನದ್ದಕ್ಕೆ ಸ್ಥಳ ಪರಿಶೀಲನೆಯ ವರದಿ ಬರೆಯುವವಳು ನಾನೇ. ಅದಕ್ಕೇ ಕೇಳುತ್ತಿದ್ದೇನೆ. ನೆಲದಡಿ ಏನಿದೆ ಅಂತ ನಕ್ಷೆ ಇಲ್ಲದ ಊರಿನಲ್ಲಿ ತಿಳಿಯುವುದು ಹೇಗೆ? ಷರತ್ತುಗಳಲ್ಲಿ ಏನು ಬರೆಯಬೇಕು? ಹಳೆಯ ಕಡತಗಳಲ್ಲಿ "ರಸ್ತೆಯನ್ನು ಯಥಾಸ್ಥಿತಿಗೆ ತರತಕ್ಕದ್ದು" ಅಂತ ಒಂದೇ ಸಾಲು ಇದೆ.

ನಿವೃತ್ತ ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್):

ನೋಡಮ್ಮ, ಆ ಒಂದೇ ಸಾಲಿನಿಂದಲೇ ಅರ್ಧ ರಸ್ತೆಗಳು ಹಾಳಾಗಿರುವುದು. ಯಥಾಸ್ಥಿತಿ ಅಂದರೆ ಮೇಲೆ ಕಪ್ಪಗೆ ಕಂಡರೆ ಸಾಕು ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ.

ಮೊದಲು ರಸ್ತೆ ಯಾರದ್ದು ನೋಡು. ಊರೊಳಗಿನ ದೊಡ್ಡ ರಸ್ತೆ ಎಷ್ಟೋ ಕಡೆ ಪಿಡಬ್ಲ್ಯುಡಿಯವರದ್ದಾಗಿರುತ್ತದೆ, ರಾಷ್ಟ್ರೀಯ ಹೆದ್ದಾರಿಯಾದರೆ ಅವರೇ ಬೇರೆ. 1,800 ಮೀಟರಿನಲ್ಲಿ 300 ಮೀಟರ್ ನಿಮ್ಮದಲ್ಲದಿದ್ದರೆ ಅಷ್ಟಕ್ಕೆ ನೀವು ಅನುಮತಿ ಕೊಡುವ ಹಾಗೇ ಇಲ್ಲ.

ಆಮೇಲೆ ವಾಲ್ವ್‌ಮನ್ ಜೊತೆ ನಡಿ. ಕಚೇರಿಯಲ್ಲಿ ಇಲ್ಲದ ನಕ್ಷೆ ಅವನ ತಲೆಯಲ್ಲಿರುತ್ತದೆ. ಯುಜಿಡಿ ಹುಡುಗರನ್ನೂ ಲೈನ್‌ಮನ್ನನ್ನೂ ಕರೆದುಕೋ. ಎರಡು ಮ್ಯಾನ್‌ಹೋಲ್ ಮುಚ್ಚಳ ಸಿಕ್ಕಿದರೆ ನಡುವೆ ಪೈಪು ನೇರ ಹೋಗಿರುತ್ತದೆ. ಡಾಂಬರಿನ ಮೇಲೆ ಉದ್ದಕ್ಕೆ ಹಳೆಯ ತೇಪೆಯ ಪಟ್ಟಿ ಕಂಡರೆ ಅದರಡಿ ಏನೋ ಇದೆ ಅಂತಲೇ ಲೆಕ್ಕ. ಅನುಮಾನ ಇದ್ದ ಕಡೆ ಟ್ರಯಲ್ ಪಿಟ್, ಅಂದರೆ ಕೆಳಗೆ ಏನಿದೆ ಅಂತ ನೋಡಲು ಸಣ್ಣ ಗುಂಡಿ, ತೆಗೆಸು. ಜೆಸಿಬಿಯಲ್ಲಿ ಬೇಡ, ಹಾರೆ ಗುದ್ದಲಿಯಲ್ಲಿ.

ಕರೆಂಟ್ ಕೇಬಲ್ ಆಳಕ್ಕೆ ಭಾರತೀಯ ಮಾನಕ ಐಎಸ್ 1255ರಲ್ಲಿ ಲೆಕ್ಕ ಇದೆ. ಎಲ್‌ಟಿಗೆ (ಕಡಿಮೆ ವೋಲ್ಟೇಜ್) 75 ಸೆಂಟಿಮೀಟರ್, 11 ಕೆವಿಗೆ 90, 33 ಕೆವಿಗೆ 105. ಅದನ್ನು ತಿಳಿದಿರು, ಆದರೆ ನಂಬಿ ಕೂರಬೇಡ. ರಸ್ತೆ ಕೆತ್ತಿ ಮಟ್ಟ ಇಳಿಸಿದ ಕಡೆ ಕೇಬಲ್ ಮೇಲಕ್ಕೆ ಬಂದಿರುತ್ತದೆ. ನನ್ನ ಸರ್ವಿಸ್‌ನಲ್ಲಿ ಒಂದು ಸಲ ಹೀಗಾಯಿತು. ಬಕೆಟ್ಟಿಗೆ ಇಟ್ಟಿಗೆ ಸಿಕ್ಕಿತು. ಸಾಲಾಗಿ, ಮಗ್ಗುಲಿಗೆ ಮಗ್ಗುಲು ಜೋಡಿಸಿದ ಇಟ್ಟಿಗೆ. ಆಪರೇಟರ್ ಹಳೆಯ ಪಾಯ ಅಂದುಕೊಂಡು ಎತ್ತಿಬಿಟ್ಟ. ಅದು 11 ಕೆವಿ ಕೇಬಲ್ ಮೇಲೆ ಹಾಸಿದ ಇಟ್ಟಿಗೆ. ಇನ್ನೊಂದು ಗೇಣು ಇಳಿದಿದ್ದರೆ ಆ ಹುಡುಗ ಇವತ್ತು ಇರುತ್ತಿರಲಿಲ್ಲ. ನಾನು ಹತ್ತು ಮಾರು ದೂರದಲ್ಲಿ ನಿಂತಿದ್ದೆ, ಈಗಲೂ ಕೈ ತಣ್ಣಗಾಗುತ್ತದೆ. ಇಟ್ಟಿಗೆ ಸಾಲು, ಹಾಸಿದ ಮರಳು, ಎಚ್ಚರಿಕೆಯ ಟೇಪು, ಯಾವುದು ಕಂಡರೂ ಕೆಲಸ ನಿಲ್ಲಿಸಬೇಕು ಅಂತ ಷರತ್ತಿನಲ್ಲೇ ಬರೆ.

ಮುಚ್ಚುವುದರ ಬಗ್ಗೆ ಬಿಡಿಸಿ ಬರೆ. ಅಗೆಯುವ ಮುಂಚೆ ಕಟ್ಟರ್‌ನಲ್ಲಿ ಎರಡೂ ಅಂಚು ನೇರಕ್ಕೆ ಕೊಯ್ಯಬೇಕು. ಮಣ್ಣನ್ನು ಒಂದೇ ಸಲ ಸುರಿಯುವಂತಿಲ್ಲ. 15 ರಿಂದ 20 ಸೆಂಟಿಮೀಟರ್ ಪದರ, ನೀರು, ಕಂಪ್ಯಾಕ್ಟರ್, ಮತ್ತೆ ಪದರ. ಜೆಸಿಬಿ ಬಕೆಟ್ಟಿನಿಂದ ತಟ್ಟಿದರೆ ಗಟ್ಟಿಯಾಗುವುದು ಮೇಲಿನ ಪದರ ಮಾತ್ರ, ಮೊದಲ ಮಳೆಗೆ ಕೆಳಗಿನದ್ದು ಕೂರುತ್ತದೆ. ನೀನು ನೋಡಿದ ಗೋಣಿಚೀಲದ ಗುಂಡಿ ಅದೇ. ಮುಚ್ಚುವ ದಿನ ಅಲ್ಲಿ ನಿಂತಿರು. ಅಗೆಯುವ ದಿನ ಎಲ್ಲರೂ ಬರುತ್ತಾರೆ, ಮುಚ್ಚುವ ದಿನ ಯಾರೂ ಇರುವುದಿಲ್ಲ. ಹೊಸ ಡಾಂಬರು ರಸ್ತೆಯಾದರೆ ಉದ್ದಕ್ಕೆ ಅಗೆಯಲು ಬಿಡಲೇಬೇಡ, ರಸ್ತೆ ಅಗೆಯದೆ ನೆಲದಡಿಯೇ ರಾಡ್ ತೂರಿಸುವ ಎಚ್‌ಡಿಡಿ ಮಷಿನ್‌ನಲ್ಲಿ ಕೊರೆದುಕೊಂಡು ಹೋಗಲಿ.

ಎರೆನಾಡಿನ ಜೆಇ:

ಸರ್ ಹೇಳಿದ್ದಕ್ಕೆ ಒಂದೇ ಮಾತು ಸೇರಿಸುತ್ತೇನೆ. ನಿಮ್ಮ ಕಡೆ ಎರೆಮಣ್ಣು ಇದ್ದರೆ ಅಗೆದ ಮಣ್ಣನ್ನೇ ವಾಪಸ್ ತುಂಬಲು ಬಿಡಬೇಡಿ. ಎಷ್ಟು ಕುಟ್ಟಿದರೂ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಮಣ್ಣು ಹೊರಗೆ ಸಾಗಿಸಿ ಗರಸು ತುಂಬಬೇಕು ಅಂತ ಬರೆಯಿರಿ, ಅದರ ಖರ್ಚನ್ನು ಎಸ್ಟಿಮೇಟ್‌ನಲ್ಲೇ ಹಿಡಿಯಿರಿ. ನಾವು ಬರೆಯದೆ ಎರಡು ವರ್ಷ ಅನುಭವಿಸಿದ್ದೇವೆ.

ಕೇಬಲ್ ಸೂಪರ್‌ವೈಸರ್:

ಮೇಡಂ, ನಾನು ಆ ಕಡೆಯವನು. ಹನ್ನೊಂದು ವರ್ಷದಿಂದ ಗುತ್ತಿಗೆದಾರರ ಹತ್ತಿರ ಫೈಬರ್ ಹಾಕಿಸುತ್ತಿದ್ದೇನೆ. ಎಇಇ ಸಾಹೇಬರ ಮಾತು ಒಪ್ಪುತ್ತೇನೆ, ಕೊನೆಯದ್ದೊಂದು ಬಿಟ್ಟು.

ಎಚ್‌ಡಿಡಿ ಅಂದರೆ ಹಾನಿ ಇಲ್ಲ ಅಂತ ಕಚೇರಿಯವರು ತಿಳಿದಿರುತ್ತಾರೆ. ಮೇಲೆ ರಸ್ತೆ ಚೆನ್ನಾಗಿ ಉಳಿಯುತ್ತದೆ, ನಿಜ. ಕೆಳಗೆ ರಾಡ್ ಎಲ್ಲಿ ತೂರಿತು ಅಂತ ಕಣ್ಣಿಗೆ ಕಾಣುವುದಿಲ್ಲ. ಸಣ್ಣ ಅಡ್ಡರಸ್ತೆಯಲ್ಲಿ ಮನೆಮನೆಯ ಯುಜಿಡಿ ಪೈಪು ಅಡ್ಡಡ್ಡ ಹೋಗಿರುತ್ತದೆ. ನಮ್ಮ ಡಕ್ಟ್ (ಫೈಬರ್ ಎಳೆಯುವ ಕೊಳವೆ) ಅದರೊಳಗೇ ತೂರಿ ಹೋದದ್ದು ಒಂದು ಕಡೆ ಆಗಿದೆ. ಆ ದಿನ ಯಾರಿಗೂ ಗೊತ್ತಾಗಲಿಲ್ಲ. ಎರಡು ತಿಂಗಳಾದ ಮೇಲೆ ಒಂದು ಮನೆಯ ಬಚ್ಚಲಲ್ಲಿ ಗಲೀಜು ನೀರು ಉಕ್ಕಿತು, ಅಗೆದು ನೋಡಿದರೆ ಪೈಪಿನ ನಡುವೆ ನಮ್ಮ ಕಿತ್ತಳೆ ಡಕ್ಟ್. ಆ ಮನೆಯಲ್ಲಿ ಬಾಣಂತಿ ಇದ್ದರು. ಅವರ ಮುಂದೆ ನಿಂತು ಮಾತಾಡಲು ನನಗೆ ಬಾಯಿ ಬರಲಿಲ್ಲ. ದೊಡ್ಡ ರಸ್ತೆ ದಾಟಲು ಎಚ್‌ಡಿಡಿ ಕೊಡಿ. ಸಣ್ಣ ರಸ್ತೆಯಲ್ಲಿ ಅಂಚಿನಲ್ಲಿ ಕೈಯಿಂದಲೇ ಅಗೆಸಿ, ಕಣ್ಣಿಗೆ ಕಾಣುವ ಹಾಗೆ ಹಾಕಿಸಿ.

ಇನ್ನೊಂದು ವಿಷಯ. ಟೆಲಿಕಾಂ ಅರ್ಜಿಯನ್ನು ಸುಮ್ನೆ ಇಟ್ಟುಕೊಂಡು ಕೂರುವ ಹಾಗಿಲ್ಲ. ಟೆಲಿಕಾಂ ಕೇಬಲ್ ಹಾಕಲು ಜಾಗದ ಅನುಮತಿಗಿದ್ದ 2016ರ ರೈಟ್ ಆಫ್ ವೇ ನಿಯಮದಲ್ಲೇ 60 ದಿನದೊಳಗೆ ಉತ್ತರ ಕೊಡದಿದ್ದರೆ ಅನುಮತಿ ಕೊಟ್ಟ ಹಾಗೆ ಅಂತ ಇತ್ತು. ಈಗ 2024ರ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ, ಅದನ್ನು ಪೂರ್ತಿ ಓದಿಕೊಳ್ಳಿ. ಆಕ್ಷೇಪಣೆ ಇದ್ದರೆ ಎಲ್ಲವನ್ನೂ ಒಂದೇ ಪತ್ರದಲ್ಲಿ ಬರೆಯಿರಿ. ಇವತ್ತು ನಕ್ಷೆ ಸರಿಯಿಲ್ಲ, ಮುಂದಿನ ತಿಂಗಳು ಠೇವಣಿ ಸಾಲದು ಅಂತ ಒಂದೊಂದೇ ಕೇಳಿದರೆ ಹುಡುಗರು ರಾತ್ರಿ ಕದ್ದು ಅಗೆಯುತ್ತಾರೆ. ಆಗ ನಿಮಗೂ ಲೆಕ್ಕ ಸಿಗುವುದಿಲ್ಲ, ರಸ್ತೆಯೂ ಉಳಿಯುವುದಿಲ್ಲ. ಠೇವಣಿ ಕೂಡ ಹಾಗೇ. ಚೆನ್ನಾಗಿ ಮುಚ್ಚಿದವರಿಗೆ ಬೇಗ ವಾಪಸ್ ಕೊಡಿ. ಹೇಗೆ ಮುಚ್ಚಿದರೂ ಠೇವಣಿ ವಾಪಸ್ ಬರುವುದಿಲ್ಲ ಅಂತ ಗೊತ್ತಾದರೆ ಯಾರು ತಾನೇ ಚೆನ್ನಾಗಿ ಮುಚ್ಚುತ್ತಾರೆ?

ಅಗೆಯುವ ಮುಂಚೆ ತಿಳಿಸಲು ಕೇಂದ್ರದ "ಕಾಲ್ ಬಿಫೋರ್ ಯು ಡಿಗ್" ಆ್ಯಪ್ ಇದೆ, 2023ರ ಮಾರ್ಚ್‌ನಲ್ಲಿ ಬಂದದ್ದು. ನಾವು ಅದರಲ್ಲಿ ಹಾಕಿದರೆ ಅಲ್ಲಿ ಕೇಬಲ್, ಪೈಪು ಇರುವವರಿಗೆ ಸುದ್ದಿ ಹೋಗುತ್ತದೆ. ಹಾಕಿದ್ದಕ್ಕೆ ದಾಖಲೆ ತೋರಿಸಿ ಅಂತ ಕೇಳಿ.

ಟೆಕ್ಸಾಸ್ ಕನ್ನಡಿಗ:

ನಾನು ಇಲ್ಲಿ ಡಲ್ಲಾಸ್ ಹತ್ತಿರದ ಒಂದು ಊರಿನ ಸಿಟಿ ಆಫೀಸಿನಲ್ಲಿ ಇದೇ ಕೆಲಸ ಮಾಡುತ್ತೇನೆ. ಅರ್ಜಿ ನೋಡುವುದು, ಸೈಟಿಗೆ ಹೋಗುವುದು, ಮುಚ್ಚಿದ ಮೇಲೆ ಪರೀಕ್ಷೆ ಮಾಡಿ ಕಡತ ಮುಗಿಸುವುದು. ಅಲ್ಲಿಗೆ ತಕ್ಷಣ ತರಬಹುದಾದದ್ದು ಒಂದಿದೆ, ಬಣ್ಣ.

ಇಲ್ಲಿ ಅಗೆಯುವವರು ಮೊದಲು 811ಕ್ಕೆ ತಿಳಿಸಬೇಕು. 2007ರಿಂದ ಇಡೀ ದೇಶಕ್ಕೆ ಅದೇ ನಂಬರ್. ತಾವು ಅಗೆಯುವ ಜಾಗವನ್ನು ಅವರು ಬಿಳಿ ಬಣ್ಣದಲ್ಲಿ ಗುರುತು ಹಾಕುತ್ತಾರೆ. ಆಮೇಲೆ ಪೈಪು, ಕೇಬಲ್ ಇರುವವರು ಬಂದು ತಮ್ಮದನ್ನು ಗುರುತಿಸುತ್ತಾರೆ. ಕರೆಂಟಿಗೆ ಕೆಂಪು, ಗ್ಯಾಸಿಗೆ ಹಳದಿ, ಫೋನು ಮತ್ತು ಫೈಬರ್‌ಗೆ ಕಿತ್ತಳೆ, ಕುಡಿಯುವ ನೀರಿಗೆ ನೀಲಿ, ಒಳಚರಂಡಿಗೆ ಹಸಿರು. ಗುರುತಿನ ಅಕ್ಕಪಕ್ಕ, ಹೆಚ್ಚಿನ ರಾಜ್ಯಗಳಲ್ಲಿ 18 ರಿಂದ 24 ಇಂಚಿನೊಳಗೆ, ಮಷಿನ್ ಇಳಿಸದೆ ಜೋಪಾನವಾಗಿ ಅಗೆಯಬೇಕು. ನಿಮ್ಮಲ್ಲಿ ಕಾಯಿದೆ ಇಲ್ಲದಿದ್ದರೂ ಐದು ಡಬ್ಬ ಪೇಂಟಿಗೆ ಯಾರ ಅಪ್ಪಣೆಯೂ ಬೇಡ. ಅಗೆಯುವ ಹುಡುಗನಿಗೆ ಪತ್ರದ ಷರತ್ತು ಯಾರೂ ಓದಿ ಹೇಳುವುದಿಲ್ಲ, ನೆಲದ ಮೇಲಿನ ಗೆರೆ ಅವನಿಗೆ ಕಾಣುತ್ತದೆ.

ಸೂಪರ್‌ವೈಸರ್ ಅಣ್ಣ ಹೇಳಿದ ಯುಜಿಡಿ ವಿಷಯ ಇಲ್ಲೂ ದೊಡ್ಡ ಭಯ. ಒಳಚರಂಡಿ ಪೈಪಿನೊಳಗೆ ತೂರಿದ್ದು ಗ್ಯಾಸ್ ಪೈಪಾಗಿದ್ದರೆ, ಮುಂದೆ ಕಟ್ಟಿಕೊಂಡಾಗ ತೆಗೆಯಲು ಬಂದವರು ಅದನ್ನೇ ಕತ್ತರಿಸಿಬಿಡಬಹುದು. ಅದಕ್ಕೇ ಕೊರೆದ ಮೇಲೆ ಒಳಚರಂಡಿಗೆ ಕ್ಯಾಮೆರಾ ಬಿಟ್ಟು ನೋಡುವ ಪದ್ಧತಿ ಬಂದಿದೆ.

ಹೊಸ ಜೆಇ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಎಇಇ ಸರ್, ನಿನ್ನೆ ಬೆಳಿಗ್ಗೆ ಆರಕ್ಕೇ ವಾಲ್ವ್‌ಮನ್ ಜೊತೆ ನಡೆದೆ. ಅವರು ಇಪ್ಪತ್ತಾರು ವರ್ಷದಿಂದ ಈ ವಾರ್ಡಿಗೆ ನೀರು ಬಿಡುತ್ತಿದ್ದಾರಂತೆ. ಒಂಬತ್ತು ವಾಲ್ವ್ ತೋರಿಸಿದರು. ಎರಡು ಹೊಸ ಡಾಂಬರಿನಡಿ ಮುಚ್ಚಿಹೋಗಿದ್ದವು. ಚಿಕ್ಕ ಹೋಟೆಲಿನ ಕಂಬದಿಂದ ಹೆಜ್ಜೆ ಎಣಿಸಿಕೊಂಡು ಬಂದು ಹಿಮ್ಮಡಿಯಿಂದ ನೆಲ ತಟ್ಟಿ "ಇಲ್ಲಿದೆ" ಅಂದರು. ಒಂದನ್ನು ಕೆತ್ತಿಸಿ ನೋಡಿದೆವು, ಮುಚ್ಚಳ ಅಲ್ಲೇ ಇತ್ತು. ಎಲ್ಲದಕ್ಕೂ ನೀಲಿ ಬಣ್ಣ ಹಾಕಿ ಫೋಟೊ ತೆಗೆದಿದ್ದೇನೆ, ಹತ್ತಿರದ ಗೋಡೆಯಿಂದ ಅಳತೆ ಹಿಡಿದು ಒಂದು ರಿಜಿಸ್ಟರ್ ಶುರು ಮಾಡಿದ್ದೇನೆ.

ಫೈಬರ್ ಕಂಪನಿಗೆ ಒಂದೇ ಪತ್ರದಲ್ಲಿ ಎಲ್ಲ ಕೇಳಿದ್ದೇವೆ. ಎಡ ಬಲ ಮತ್ತು ಆಳ ಇರುವ ನಕ್ಷೆ, ಆರು ಕಡೆ ಟ್ರಯಲ್ ಪಿಟ್, ಮುಚ್ಚುವ ದಿನವನ್ನು ಎರಡು ದಿನ ಮುಂಚೆ ತಿಳಿಸಬೇಕು, ಕೊನೆಗೆ ನಿಜವಾಗಿ ಹಾಕಿದ ಜಾಗದ ನಕ್ಷೆ ಕೊಟ್ಟ ಮೇಲೆಯೇ ಠೇವಣಿ ವಾಪಸ್.

ವಾಲ್ವ್‌ಮನ್ ಒಂದು ಮಾತು ಹೇಳಿದರು, ಅದು ಇಲ್ಲಿ ಯಾರೂ ಬರೆದಿರಲಿಲ್ಲ. ನಮ್ಮಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ನೀರಿಲ್ಲದ ದಿನ ಪೈಪಿಗೆ ಪೆಟ್ಟು ಬಿದ್ದರೆ ಗೊತ್ತೇ ಆಗುವುದಿಲ್ಲ, ಮುಚ್ಚಿ ಡಾಂಬರು ಹಾಕಿ ಹೋದ ಮೇಲೆ ನೀರು ಬಿಟ್ಟಾಗ ಸೋರುತ್ತದೆ. ಅದಕ್ಕೆ ಪೈಪಿನ ಹತ್ತಿರ ತೆಗೆದ ಗುಂಡಿಗಳನ್ನು ಸುತ್ತ ಬ್ಯಾರಿಕೇಡ್, ರಾತ್ರಿಗೆ ದೀಪ ಇಟ್ಟು ಒಂದು ಸಲ ನೀರು ಬಿಡುವವರೆಗೆ ತೆರೆದೇ ಇಡಬೇಕು ಅಂತ ಷರತ್ತು ಸೇರಿಸಿದ್ದೇನೆ. ಬೇರೆ ಊರಿನಲ್ಲಿ ಯಾರಾದರೂ ಇದನ್ನು ಹಾಕಿದ್ದೀರಾ? ಗುತ್ತಿಗೆದಾರರು ಒಪ್ಪಿದರಾ?