ಅಪ್‌ಡೇಟ್: ಕೊನೆಗೂ ಸಭೆಗೆ ಹೋದೆ

ಬೆಂಗಳೂರಿನಲ್ಲಿ ಕನ್ನಡದಲ್ಲೇ ನಡೆಯುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಸಭೆ ಇದೆಯಾ, ದುಡ್ಡು ಎಷ್ಟು, ಹೆಸರು ಬರೆಸಬೇಕಾ ಅಂತ ಎರಡು ತಿಂಗಳ ಹಿಂದೆ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮೊದಲ ದಿನ ಹೋದ ಜಾಗಕ್ಕೆ ಬೀಗ. ಹಳೇ ವಿಳಾಸ ಅಂತೆ. ನಿಜ ಹೇಳಬೇಕೆಂದರೆ ಒಳಗೊಳಗೆ ಖುಷಿಯೇ ಆಯಿತು, ನೆಪ ಸಿಕ್ಕಿತಲ್ಲ! ಮುಂದಿನ ವಾರ ಸಹಾಯವಾಣಿಗೆ ಫೋನ್ ಮಾಡಿ, ಸಮಯ ಖಚಿತ ಮಾಡಿಕೊಂಡು ಹೋದೆ. ನೀವೂ ಹಾಗೇ ಮಾಡಿ.

ಚರ್ಚಿನ ಹಿಂದಿನ ಒಂದು ಸಣ್ಣ ಕೋಣೆ, ಪ್ಲಾಸ್ಟಿಕ್ ಕುರ್ಚಿ, ಟೀ. ಚರ್ಚಲ್ಲಿ ನಡೆದರೂ ಯಾವ ಧರ್ಮದ ಸಭೆಯೂ ಅಲ್ಲ. ಫೀಸ್ ಇಲ್ಲ; ಕೊನೆಯಲ್ಲಿ ಒಂದು ಡಬ್ಬಿ ಬರುತ್ತದೆ, ಇಷ್ಟ ಇದ್ದರೆ ಹಾಕಬಹುದು. ಊರು, ಕೆಲಸ, ಜಾತಿ ಯಾರೂ ಕೇಳಲಿಲ್ಲ. ಕುಡಿತ ಬಿಡುವ ಮನಸ್ಸಿದ್ದರೆ ಸಾಕು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಕೂತು ಮಾತಾಡಿದ್ದರಿಂದ ಶುರುವಾದದ್ದಂತೆ ಇದು. ನಾನು ಆ ದಿನ ಬಾಯೇ ಬಿಡಲಿಲ್ಲ. ಅದಕ್ಕೂ ಯಾರೂ ಏನೂ ಅನ್ನಲಿಲ್ಲ.

'ಓಪನ್' ಸಭೆಗೆ ಮನೆಯವರೂ ಬರಬಹುದು, 'ಕ್ಲೋಸ್ಡ್' ಕುಡಿತದ ತೊಂದರೆ ಇರುವವರಿಗೆ ಮಾತ್ರ. ನನ್ನ ಹೆಂಡತಿ ಈಗ ಮನೆಯವರಿಗಾಗಿಯೇ ಇರುವ ಅಲ್-ಅನಾನ್‌ಗೆ ಹೋಗುತ್ತಿದ್ದಾಳೆ.

ಒಂದು ಮಾತು: ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು. ಮೊದಲು ಡಾಕ್ಟರನ್ನು ನೋಡಿ, ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗವಿದೆ. ನಾನೂ ಔಷಧಿ ತೆಗೆದುಕೊಂಡೇ ನಿಲ್ಲಿಸಿದ್ದು.

ಇವತ್ತಿಗೆ 41 ದಿನ. ನಾಳೆ ಸಂಜೆ ಮತ್ತೆ ಸಭೆ, ಟೀ ಮಾಡುವ ಸರದಿ ನನ್ನದು.