ಜಯಲಲಿತಾ: ಗೆದ್ದದ್ದು ನಾಲ್ಕು ಚುನಾವಣೆ, ಪ್ರಮಾಣವಚನ ಆರು. ಹೇಗೆ?

ಹಳೇಪೇಪರ್:
ಜಯಲಲಿತಾ ಆರು ಸಲ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತಗೊಂಡ್ರು ಅಂತ ಎಲ್ಲ ಕಡೆ ಇದೆ. ಪಕ್ಷ ಗೆದ್ದದ್ದು 1991, 2001, 2011, 2016, ನಾಲ್ಕೇ ಸಲ. ಉಳಿದ ಎರಡು ಎಲ್ಲಿಂದ ಬಂತು? 2001ರಲ್ಲಿ ಶಾಸಕಿ ಕೂಡ ಆಗಿರಲಿಲ್ಲವಂತೆ. ತಮಿಳುನಾಡಿನ ಕೇಸಿಗೆ ಬೆಂಗಳೂರಲ್ಲಿ ತೀರ್ಪು ಬಂದದ್ದು ಯಾಕೆ, ಮೇಲುಕೋಟೆಯಲ್ಲಿ ಹುಟ್ಟಿದ್ದಕ್ಕೇನಾದ್ರೂ ಸಂಬಂಧ ಇದೆಯಾ?

ಕಲಂ164:
ಮೇಲುಕೋಟೆಗೂ ಕೇಸಿಗೂ ಸಂಬಂಧವೇ ಇಲ್ಲ. ಮೊದಲು 2001 ನೋಡಿ.

ಟಾನ್ಸಿ (ತಮಿಳುನಾಡು ಸರ್ಕಾರದ ಸಣ್ಣ ಕೈಗಾರಿಕಾ ನಿಗಮ) ಭೂ ಖರೀದಿ ಪ್ರಕರಣದಲ್ಲಿ 2000ದ ಅಕ್ಟೋಬರ್‌ನಲ್ಲಿ ಶಿಕ್ಷೆಯಾಗಿತ್ತು. ಪ್ರಜಾಪ್ರತಿನಿಧಿ ಕಾಯ್ದೆಯ 8(3)ರ ಪ್ರಕಾರ ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದರೆ ಅನರ್ಹತೆ. ಹೈಕೋರ್ಟು ಅಮಾನತಿನಲ್ಲಿಟ್ಟದ್ದು ಶಿಕ್ಷೆಯನ್ನು ಮಾತ್ರ. ದೋಷಿ ಎಂಬ ತೀರ್ಪಿಗೆ ತಡೆ ಸಿಗಲಿಲ್ಲ. ಎಲ್ಲರೂ ಎಡವುವುದು ಇಲ್ಲೇ: ಜೈಲಿನಿಂದ ಹೊರಗಿರಲು ಮೊದಲನೆಯದು ಸಾಕು, ಚುನಾವಣೆಗೆ ನಿಲ್ಲಲು ಎರಡನೆಯದೂ ಬೇಕು. ಹಾಗಾಗಿ ನಾಲ್ಕು ಕ್ಷೇತ್ರಗಳಲ್ಲಿ ಹಾಕಿದ ನಾಮಪತ್ರಗಳೆಲ್ಲ ತಿರಸ್ಕೃತವಾದವು. ಒಬ್ಬರು ಎರಡಕ್ಕಿಂತ ಹೆಚ್ಚು ಕಡೆ ನಿಲ್ಲುವಂತಿಲ್ಲ ಎಂಬ ತೊಡಕು ಬೇರೆ.

ಪಕ್ಷ ಗೆದ್ದಿತು. ಶಾಸಕರಲ್ಲದವರೂ ಆರು ತಿಂಗಳು ಮಂತ್ರಿಯಾಗಿರಬಹುದು ಎನ್ನುವ 164(4)ನೇ ವಿಧಿಯ ಆಸರೆಯಲ್ಲಿ ರಾಜ್ಯಪಾಲೆ ಫಾತಿಮಾ ಬೀವಿ ಮೇ 14ರಂದು ಪ್ರಮಾಣವಚನ ಬೋಧಿಸಿದರು. ಸೆಪ್ಟೆಂಬರ್ 21ಕ್ಕೆ ಸುಪ್ರೀಂ ಕೋರ್ಟಿನ ಐವರ ಪೀಠ ಆ ನೇಮಕವನ್ನೇ ರದ್ದು ಮಾಡಿತು. ಆರು ತಿಂಗಳ ವಿನಾಯಿತಿ ಇರುವುದು ಶಾಸಕರಾಗಲು ಅರ್ಹತೆ ಇದ್ದವರಿಗೆ, ಅನರ್ಹರಿಗಲ್ಲ ಎಂದು. ಆಗ ಕುರ್ಚಿಯಲ್ಲಿ ಅವರದೇ ಪಕ್ಷದ ಪನ್ನೀರ್‌ಸೆಲ್ವಂ. ಡಿಸೆಂಬರ್‌ನಲ್ಲಿ ಹೈಕೋರ್ಟು ಖುಲಾಸೆ ಮಾಡಿತು, ಫೆಬ್ರವರಿಯಲ್ಲಿ ಆಂಡಿಪಟ್ಟಿ ಉಪಚುನಾವಣೆ ಗೆದ್ದರು, 2002ರ ಮಾರ್ಚ್ 2ಕ್ಕೆ ಮತ್ತೆ ಪ್ರಮಾಣ. ನಾಲ್ಕು ಗೆಲುವಿನ ಮೇಲೆ ನೀವು ಹುಡುಕುವ ಐದನೆಯದು ಇದು.

ಕಟಕಟೆ:
ಆರನೆಯದು ಬೆಂಗಳೂರಿನ ಕೇಸಿನಿಂದ ಬಂತು.

ಆದಾಯ ಮೀರಿದ ಆಸ್ತಿಯ ಆ ಪ್ರಕರಣ 1991–96ರ ಅವಧಿಯದ್ದು. ಅವರು ಮತ್ತೆ ಅಧಿಕಾರಕ್ಕೆ ಬಂದಮೇಲೆ ಹೇಳಿಕೆ ಕೊಟ್ಟಿದ್ದ ಸಾಕ್ಷಿಗಳನ್ನು ಮರಳಿ ಕರೆಸಲಾಯಿತು, ಬಹಳ ಮಂದಿ ಮಾತು ತಿರುಗಿಸಿದರು, ಸರ್ಕಾರಿ ವಕೀಲರು ಸುಮ್ಮನಿದ್ದರು. ಆರೋಪಿಯ ಸರ್ಕಾರವೇ ಆರೋಪಿಯ ಮೇಲೆ ಕೇಸು ನಡೆಸಿದರೆ ಇನ್ನೇನಾದೀತು! ಡಿಎಂಕೆಯ ಅನ್ಬಳಗನ್ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2003ರ ನವೆಂಬರ್‌ನಲ್ಲಿ ಅದನ್ನು ಕರ್ನಾಟಕಕ್ಕೆ ವರ್ಗಾಯಿಸಿತು.

2014ರ ಸೆಪ್ಟೆಂಬರ್ 27ರಂದು ನ್ಯಾಯಾಧೀಶ ಜಾನ್ ಮೈಕೆಲ್ ಡಿಕುನ್ಹಾ ಕೊಟ್ಟದ್ದು 4 ವರ್ಷ ಜೈಲು, 100 ಕೋಟಿ ರೂಪಾಯಿ ದಂಡ. ಸುಪ್ರೀಂ ಕೋರ್ಟಿನ 2013ರ ಲಿಲಿ ಥಾಮಸ್ ತೀರ್ಪಿನಿಂದ ಹಾಲಿ ಶಾಸಕರಿಗೆ ಮೇಲ್ಮನವಿಗೆಂದು ಇದ್ದ ಮೂರು ತಿಂಗಳ ರಕ್ಷಣೆ ಹೋಗಿತ್ತು. ಆ ಕ್ಷಣವೇ ಶ್ರೀರಂಗಂ ಶಾಸಕತ್ವವೂ ಮುಖ್ಯಮಂತ್ರಿ ಪದವಿಯೂ ಹೋದವು. 2015ರ ಮೇ 11ಕ್ಕೆ ಕರ್ನಾಟಕ ಹೈಕೋರ್ಟು ಖುಲಾಸೆ ಮಾಡಿತು, ಮೇ 23ಕ್ಕೆ ಪ್ರಮಾಣ, ಜೂನ್‌ನಲ್ಲಿ ಆರ್.ಕೆ. ನಗರದಿಂದ ಆಯ್ಕೆ.

ಹಳೇಪೇಪರ್:
ಹೈಕೋರ್ಟಿನ ಲೆಕ್ಕ ತಪ್ಪಿತ್ತು ಅಂತಾರಲ್ಲ, ಅದೇನು?

ಕಟಕಟೆ:
ಬರೀ ಕೂಡುವ ಲೆಕ್ಕ. ಹೈಕೋರ್ಟು ಆದಾಯ 34.76 ಕೋಟಿ, ಆಸ್ತಿ 37.59 ಕೋಟಿ ಎಂದಿತು. ಹೆಚ್ಚುವರಿ ಶೇ 8.12. ಶೇ 10ರೊಳಗಿದ್ದರೆ ಬಿಡಬಹುದು ಎಂಬ ಹಳೆಯ ತೀರ್ಪು ಹಿಡಿದು ಬಿಟ್ಟರು. ಆದರೆ ಆದಾಯದ ಬಾಬ್ತಿನಲ್ಲಿ ಸೇರಿಸಿದ ಹತ್ತು ಸಾಲಗಳ ಮೊತ್ತ ತೀರ್ಪಿನಲ್ಲಿ ಬರೆದಂತೆ 24.17 ಕೋಟಿ ಅಲ್ಲ, ಅದೇ ಪಟ್ಟಿಯನ್ನು ಕೂಡಿದರೆ 10.67 ಕೋಟಿ. 13.5 ಕೋಟಿ ಕಳೆಯಿರಿ: ಆದಾಯ 21.26ಕ್ಕೆ ಇಳಿಯುತ್ತದೆ, ಹೆಚ್ಚುವರಿ ಶೇ 76 ದಾಟುತ್ತದೆ.

ಕಲಂ164:
ಸುಪ್ರೀಂ ಕೋರ್ಟು 2017ರ ಫೆಬ್ರವರಿ 14ರಂದು ಡಿಕುನ್ಹಾ ತೀರ್ಪನ್ನೇ ಎತ್ತಿಹಿಡಿಯಿತು. ಜಯಲಲಿತಾ 2016ರ ಡಿಸೆಂಬರ್ 5ಕ್ಕೇ ತೀರಿಕೊಂಡಿದ್ದರಿಂದ ಅವರ ಮಟ್ಟಿಗೆ ಮೇಲ್ಮನವಿ ಅಲ್ಲಿಗೇ ನಿಂತಿತು. ಪರಪ್ಪನ ಅಗ್ರಹಾರ ಜೈಲಿಗೆ ಹೋದವರು ಸಹ ಆರೋಪಿಗಳಾದ ಶಶಿಕಲಾ, ಇಳವರಸಿ, ಸುಧಾಕರನ್.